ಪ್ರಳಯಕ್ಕೊಂದು ಜೀಪು

ಮಳೆಗಾಲ ಹತ್ತಿರ ಬಂತು ಅಂದರೆ ಮಲೆನಾಡಿನಲ್ಲಿ ಎರಡು ಥರದ ಜನಕ್ಕೆ ಗಡಿಬಿಡಿ ಹತ್ತುತ್ತೆ. ಅಡಿಕೆಗೆ ಔಷಧಿ ಹೊಡೆಸೋರಿಗೆ ಒಂದು, ಜೀಪಿಗೆ ಏನಾದರೊಂದು ಜೋಡಿಸೋರಿಗೆ ಇನ್ನೊಂದು. ಔಷಧಿಯವರ ಪಾಡು ನಿಮಗೆ ಗೊತ್ತಿದ್ದದ್ದೇ. ಸುಣ್ಣ, ಮೈಲುತುತ್ತ ಸಿಕ್ಕರೆ ಮರ ಹತ್ತೋ ಕೊನೆಗೌಡ ಸಿಗೋದಿಲ್ಲ, ಕೊನೆಗೌಡ ಸಿಕ್ಕ ದಿನ ಮಳೆ ಬಿಡೋದಿಲ್ಲ. ಹಳೇ ಪುರಾಣ, ಬಿಡಿ. ಈಗ ಸ್ವಾರಸ್ಯವಾಗಿರೋದು ಜೀಪಿನವರ ಕಥೆಯೇ.

ಆಚೆಮನೆ ಅಳಿಯಂದಿರು ಬೆಂಗಳೂರಿನಿಂದ ಬಂದಿದ್ದರಲ್ಲ, ಅವರ ಗಾಡಿ ನೋಡಿದ್ರಾ? ಮುಂದೆ ಕಬ್ಬಿಣದ ಬಂಪರು, ಅದರ ಹೊಟ್ಟೆಯೊಳಗೆ ವಿಂಚು, ಬಾನೆಟ್ಟಿನ ಪಕ್ಕದಲ್ಲಿ ಆನೆ ಸೊಂಡಿಲು ಎತ್ತಿ ನಿಂತ ಹಾಗೆ ಒಂದು ಸ್ನಾರ್ಕೆಲ್. ತಲೆ ಮೇಲೆ ಕ್ಯಾರಿಯರು, ಕ್ಯಾರಿಯರಿನ ಮೇಲೆ ಬಿಚ್ಚಿದರೆ ಡೇರೆಯಾಗೋ ಪೆಟ್ಟಿಗೆ, ಮಗ್ಗುಲಲ್ಲಿ ಕಿತ್ತಳೆ ಬಣ್ಣದ ಎರಡು ಪ್ಲಾಸ್ಟಿಕ್ ಹಲಗೆ, ಜೊತೆಗೆ ಒಂದು ಸಲಿಕೆ. ಆ ಸಲಿಕೆ ಎಷ್ಟು ಪುಟ್ಟದು ಅಂದರೆ ಅದರಲ್ಲಿ ತುಳಸಿಕಟ್ಟೆಗೆ ಮಣ್ಣು ಹಾಕಬಹುದು, ಅದಕ್ಕಿಂತ ಹೆಚ್ಚಿನ ಕೆಲಸ ಹೇಳೋಕೆ ನಮಗೇ ಸಂಕೋಚ ಆಗುತ್ತೆ.

ಇದೆಲ್ಲ ಯಾಕಪ್ಪಾ ಅಂತ ಅತ್ತೆ ಕೇಳಿದ್ದಕ್ಕೆ, "ಏನಾದರೂ ಆದರೆ ಬೇಕಾಗುತ್ತೆ ಅತ್ತೆ" ಅಂದರಂತೆ. ಏನಾದರೂ ಅಂದರೆ? ಪ್ರವಾಹ, ಗುಡ್ಡ ಕುಸಿತ, ಭೂಕಂಪ, ಯುದ್ಧ, ಒಟ್ಟಿನಲ್ಲಿ ಪ್ರಳಯ. ಬೆಂಗಳೂರು ಮುಳುಗಿದ ದಿನ ಹೆಂಡತಿ ಮಕ್ಕಳನ್ನು ಹತ್ತಿಸಿಕೊಂಡು ಕಾಡು ಮೇಡು ದಾಟಿ ಇಲ್ಲಿಗೆ ಬಂದುಬಿಡೋದು ಅವರ ಯೋಜನೆ. ಅತ್ತೆ ಅಕ್ಕಿ ಆರಿಸುತ್ತಿದ್ದ ಮೊರದಿಂದ ತಲೆ ಎತ್ತದೇ, "ಬನ್ನಿ, ಅದಕ್ಕೇನಂತೆ. ಬರೋವಾಗ ಒಂದು ಮೂಟೆ ಅಕ್ಕಿ ಹಾಕ್ಕೊಂಡು ಬನ್ನಿ" ಅಂದರಂತೆ. ಆ ಅಮ್ಮನಿಗೆ ಎದುರುತ್ತರ ಕೊಡೋದು ಯಾರಿಂದ ಸಾಧ್ಯ ಹೇಳಿ.

ಈ ಪ್ರಳಯದ ಗಾಡಿ ಅನ್ನೋ ಕಲ್ಪನೆ ಅಮೆರಿಕದ ಕಡೆಯದ್ದು. ಶೀತಲ ಸಮರದ ಕಾಲದಿಂದಲೂ ಅಲ್ಲಿ ನೆಲಮಾಳಿಗೆಯಲ್ಲಿ ಡಬ್ಬಿ ಊಟ ಪೇರಿಸಿಟ್ಟುಕೊಂಡು, ಅಂಗಳದಲ್ಲಿ ಟ್ಯಾಂಕ್ ತುಂಬಿದ ಗಾಡಿ ನಿಲ್ಲಿಸಿಕೊಂಡು ಕಾಯೋ ಜನ ಇದ್ದಾರೆ. ಅವರ ಗಾಡಿಯ ಮೊದಲ ಲಕ್ಷಣ ಏನು ಗೊತ್ತಾ? ಅದರೊಳಗೆ ಕಂಪ್ಯೂಟರ್ ಇರಬಾರದು. ಪೂರಾ ಹುಚ್ಚು ಅಂತ ನಗೋ ಹಾಗೂ ಇಲ್ಲ. 1962ರ ಜುಲೈ 9ರಂದು ಅಮೆರಿಕ ಶಾಂತಸಾಗರದ ಜಾನ್‌ಸ್ಟನ್ ದ್ವೀಪದ ನೆತ್ತಿಯ ಮೇಲೆ, ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಒಂದು ಅಣುಬಾಂಬು ಸಿಡಿಸಿತು. ಸ್ಟಾರ್‌ಫಿಶ್ ಪ್ರೈಮ್ ಅಂತ ಆ ಪರೀಕ್ಷೆಯ ಹೆಸರು. ಸಾವಿರದ ನಾನೂರು ಕಿಲೋಮೀಟರ್ ದೂರದ ಹವಾಯಿಯಲ್ಲಿ ಒಂದಷ್ಟು ಬೀದಿದೀಪಗಳು ಪಟಪಟ ಆರಿಹೋದವು. ಅಲ್ಲಿಂದ ಶುರುವಾಯ್ತು ಈ ಭಯ. ಆಕಾಶದಲ್ಲಿ ಏನೋ ಸಿಡಿದರೆ ಹೊಸ ಕಾರುಗಳ ಮಿದುಳೆಲ್ಲ ಸುಟ್ಟುಹೋಗುತ್ತೆ, ಹಳೇ ಡೀಸೆಲ್ ಗಾಡಿ ಮಾತ್ರ ಓಡುತ್ತೆ ಅಂತ. ಹಾಗಾಗಿ ಅಲ್ಲಿಯ ಕೆಲವರು ಎಲೆಕ್ಟ್ರಾನಿಕ್ಸ್ ಇಲ್ಲದ ಹಳೇ ಗಾಡಿ ಎಲ್ಲಿದೆ ಅಂತ ದುಡ್ಡು ಹಿಡಿದು ಹುಡುಕುತ್ತಾರೆ.

ಅವರು ಹುಡುಕೋ ಗಾಡಿ ನಮ್ಮ ಕೊಟ್ಟಿಗೆ ಪಕ್ಕ ಮೊದಲಿಂದಲೂ ನಿಂತಿದೆಯಲ್ಲ ಮಾರಾಯ್ರೆ. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡ್ತಾ ಇದೆ, ಅಷ್ಟೇ.

ಮಹೀಂದ್ರಾದವರು 1947ರಲ್ಲಿ ವಿಲ್ಲೀಸ್ ಜೀಪು ಜೋಡಿಸೋಕೆ ಶುರು ಮಾಡಿದ್ದು, ಆಮೇಲೆ ಪ್ಯೂಜೊ ಡೀಸೆಲ್ ಎಂಜಿನ್ ಬಂದದ್ದು, ಎಂಎಂ 540, ಕಮಾಂಡರ್, ಮೇಜರ್ ಅಂತ ಒಂದರ ಹಿಂದೆ ಒಂದು ಘಟ್ಟ ಹತ್ತಿದ್ದು ನಿಮಗೆ ಹೇಳಬೇಕಾಗಿಲ್ಲ. ಆ ಎಂಜಿನ್ನಿನ ಡೀಸೆಲ್ ಪಂಪು ಎಂಜಿನ್ನಿನ ಬಲದಿಂದಲೇ ತಿರುಗೋದು. ಒಮ್ಮೆ ಗುರ್ ಅಂತ ಎದ್ದಿತೋ, ಬ್ಯಾಟರಿ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಎಬ್ಬಿಸೋದಕ್ಕೂ ಬ್ಯಾಟರಿ ನಂಬಿದವರು ಕಡಿಮೆ. ಹಳೇ ಜೀಪಿನ ಮನೆಗಳನ್ನು ನೋಡಿ, ಗಾಡಿ ಯಾವತ್ತೂ ಇಳಿಜಾರಿಗೇ ಮುಖ ಮಾಡಿ ನಿಂತಿರುತ್ತೆ, ಚಕ್ರದಡಿಗೆ ಒಂದು ಕಲ್ಲು. ಬೆಳಿಗ್ಗೆ ಯಜಮಾನರು ಹತ್ತಿ ಕೂತು, "ಕಲ್ಲು ತೆಗಿಯೋ" ಅನ್ನೋದು. ಕಲ್ಲು ತೆಗೆದ ಹುಡುಗ ಓಡಿ ಬಂದು ಹಿಂದೆ ಹತ್ತಿಕೊಳ್ಳೋದು. ಮನೆ ಕಟ್ಟೋವಾಗ ಬಾವಿಗೆ ಜಾಗ ನೋಡಿದ ಹೊತ್ತಿಗೇ ಜೀಪಿಗೂ ಇಳಿಜಾರು ನೋಡಿದ್ದರೇನೋ ಅನ್ನಿಸುತ್ತೆ.

ಜೀಪಿನ ಮಾತು ಬಂದರೆ ಕೊಡಚಾದ್ರಿ ನೆನಪಾಗದೇ ಇರುತ್ತಾ? ಕೊಲ್ಲೂರಿನ ಕಡೆಯಿಂದ, ಇತ್ತ ನಿಟ್ಟೂರು, ಕಟ್ಟಿನಹೊಳೆ ಕಡೆಯಿಂದ ಭಕ್ತರನ್ನೂ ಚಾರಣದ ಹುಡುಗರನ್ನೂ ತುಂಬಿಕೊಂಡು ಹತ್ತುತ್ತವಲ್ಲ ಆ ಜೀಪುಗಳು. ನಾನು ಹತ್ತಿದ ಜೀಪಿನಲ್ಲಿ ಬಾಗಿಲು ಅನ್ನೋದು ಒಂದು ಹಗ್ಗ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಮೂಕಾಂಬಿಕೆಯ ಪ್ರಸಾದದ ಪೊಟ್ಟಣವನ್ನು ಒಂದು ಕೈಯಲ್ಲಿ, ನನ್ನ ಭುಜವನ್ನು ಇನ್ನೊಂದು ಕೈಯಲ್ಲಿ ಹಿಡಿದಿದ್ದರು. ಡಾಂಬರು ಮುಗಿದು ದಾರಿ ಅನ್ನೋದು ಬರೀ ಕೊರಕಲು ಆದ ಕಡೆ ಡ್ರೈವರ್ ಗೇರಿನ ಪಕ್ಕದ ಚಿಕ್ಕ ಕೋಲುಗಳನ್ನು ಎಳೆದ. ಆಮೇಲೆ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದೇಬಿಟ್ಟ! ಜೀಪು ತನ್ನ ಪಾಡಿಗೆ ತಾನು, ಉಸಿರು ಕಟ್ಟದೇ, ಮಂಡಿಯುದ್ದದ ಕಲ್ಲುಗಳನ್ನು ಒಂದೊಂದಾಗಿ ಹತ್ತಿ ಇಳಿಯುತ್ತಾ ಹೋಯ್ತು. ಆತ ಎಡಗೈಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ. ಆ ಲೋ ಗೇರಿನಲ್ಲಿ ಚಕ್ರದ ವೇಗ ಎರಡೂವರೆ ಪಟ್ಟು ಇಳಿಯುತ್ತೆ, ಬಲ ಅಷ್ಟೇ ಪಟ್ಟು ಏರುತ್ತೆ. ಅಜ್ಜಿಗೆ ಅದರ ಲೆಕ್ಕ ಬೇಕಿರಲಿಲ್ಲ, "ಎಲ್ಲ ಅಮ್ಮನ ದಯೆ" ಅಂದರು. ಡ್ರೈವರ್, "ಅಮ್ಮಂದೂ ಹೌದು, ಹೊಸ ಕ್ಲಚ್ ಪ್ಲೇಟಿಂದೂ ಹೌದು" ಅಂದ. ಅವನ ಹತ್ತಿರ ಸ್ನಾರ್ಕೆಲ್ಲೂ ಇರಲಿಲ್ಲ, ಕಿತ್ತಳೆ ಹಲಗೆಯೂ ಇರಲಿಲ್ಲ. ಸೀಟಿನಡಿ ಒಂದು ಹಾರೆ, ಒಂದು ಕತ್ತಿ, ಒಂದಷ್ಟು ತಂತಿ, ಎರಡು ಸ್ಪ್ರಿಂಗ್ ಪ್ಲೇಟು. ಸ್ಪ್ರಿಂಗ್ ಪ್ಲೇಟು ಮುರಿದರೆ ಅಲ್ಲೇ ಕಾಡಿನಲ್ಲಿ ಬದಲಾಯಿಸಿಕೊಂಡು ಬರೋ ಜನ ಅವರು.

ಎಲ್ಲಿಂದ ಎಲ್ಲಿಗೋ ಹೋಯ್ತು ಮಾತು. ಪ್ರಳಯಕ್ಕೆ ಯಾವ ಗಾಡಿ ಅನ್ನೋ ವಿಷಯ ಅಲ್ವಾ?

ಕೋಳಿ ಸಮೇತ ಹಳೇ ಜೀಪು ಬೇಡ, ಹೊಸದೇ ಬೇಕು ಅನ್ನೋರಿಗೂ ಈಗ ಬರ ಇಲ್ಲ. 2020ರಲ್ಲಿ ಬಂದ ಹೊಸ ಥಾರ್ ನೆಲದಿಂದ 226 ಮಿಲಿಮೀಟರ್ ಎತ್ತರ ನಿಲ್ಲುತ್ತೆ, 650 ಮಿಲಿಮೀಟರ್ ನೀರು ದಾಟುತ್ತೆ ಅಂತ ಕಂಪನಿ ಬರೆದುಕೊಡುತ್ತೆ. ಫೋರ್ಸ್ ಗೂರ್ಖಾ 700 ಅನ್ನುತ್ತೆ, ಅದಕ್ಕೆ ಸ್ನಾರ್ಕೆಲ್ ಕಾರ್ಖಾನೆಯಲ್ಲೇ ಹಾಕಿ ಕಳಿಸುತ್ತಾರೆ, ಹಿಂದೂ ಮುಂದೂ ಡಿಫರೆನ್ಷಿಯಲ್ ಲಾಕ್ ಬೇರೆ. ಈ ಲಾಕ್ ಇಲ್ಲದ ಗಾಡಿಯಲ್ಲಿ ಒಂದು ಚಕ್ರ ಗಾಳಿಯಲ್ಲಿ ಎದ್ದಿತು ಅನ್ನಿ, ಎಂಜಿನ್ನಿನ ದುಡಿಮೆಯೆಲ್ಲ ಆ ಚಕ್ರ ಸುಮ್ಮನೆ ಸುತ್ತೋದಕ್ಕೇ ಮುಗಿಯುತ್ತೆ, ನೆಲ ಕಚ್ಚಿದ ಚಕ್ರ ನೋಡ್ತಾ ನಿಂತಿರುತ್ತೆ. ಇನ್ನು ಜಿಮ್ನಿ, 2023ರಲ್ಲಿ ಬಂದದ್ದು. ಅದರ ಹಿರಿಯಣ್ಣ ಜಿಪ್ಸಿ 1985ರದ್ದು. ನನಗೆ ಕೇಳಿದರೆ ಇವೆಲ್ಲದರ ನಡುವೆ ಜಿಪ್ಸಿಯ ಗುಟ್ಟೇ ಚೆಂದ. ಅದರ ತೂಕ ಟನ್ನಿನ ಆಸುಪಾಸು. ಕೆಸರಿನಲ್ಲಿ ಹುಗಿದುಕೊಂಡರೆ ನಾಲ್ಕು ಗಟ್ಟಿ ಆಳು ಸೇರಿ ಒಂದು ಮೂಲೆ ಎತ್ತಿ ಪಕ್ಕಕ್ಕೆ ಇಡಬಹುದು. ಪೆಟ್ರೋಲ್ ಕುಡಿಯೋದು ನೋಡಿದರೆ ಮನೆ ಮಂದಿ ಹೆದರುತ್ತಾರೆ, ಹಿಂದೆ ಕೂತವರ ಸೊಂಟ ಹಿಂದೆಯೇ ಉಳಿಯುತ್ತೆ, ಅದು ಬೇರೆ ಮಾತು. ಹಗುರವಾಗಿದ್ದದ್ದು ಹೂಳೋದು ಕಡಿಮೆ, ಹೂತರೂ ಎದ್ದು ಬರೋದು ಬೇಗ. ಹೀಗಿರುವಾಗ ಒಳ್ಳೇ ಗಾಡಿ ತಂದು ಅದರ ಮೇಲೆ ಕಬ್ಬಿಣದ ಅಂಗಡಿ ಹೇರೋದು ಯಾವ ನ್ಯಾಯ? ವಿಂಚೊಂದೇ ಕಬ್ಬಿಣದ ಹಗ್ಗ ಸೇರಿ ಮೂವತ್ತೈದು ನಲವತ್ತು ಕಿಲೋ. ಬಂಪರು ಇನ್ನೊಂದಿಷ್ಟು. ನೆತ್ತಿ ಮೇಲಿನ ಡೇರೆ ಐವತ್ತರ ಮೇಲೆ. ಆ ತೂಕ ಎತ್ತರದಲ್ಲಿ ಕೂತರೆ ಓರೆ ದಾರಿಯಲ್ಲಿ ಗಾಡಿ ಮಗುಚೋಕೆ ದಾರಿ ಮಾಡಿಕೊಟ್ಟ ಹಾಗಾಯ್ತಲ್ಲ.

ನಮ್ಮ ಪೇಟೆಯ ಗ್ಯಾರೇಜಿನ ಮೇಸ್ತ್ರಿಯನ್ನು ಕೇಳಿ ನೋಡಿ, ಯಾವ ಗಾಡಿ ಒಳ್ಳೇದು ಅಂತ. ಅವರು ಹೆಸರು ಹೇಳೋದಿಲ್ಲ. "ನಾನು ರಿಪೇರಿ ಮಾಡೋ ಗಾಡಿ ತಗೊಳ್ಳಿ" ಅಂತಾರೆ. ಅಹಂಕಾರ ಅಲ್ಲ ಅದು. ಹೊಸ ಗಾಡಿಯಲ್ಲಿ ಒಂದು ಸೆನ್ಸರಿಗೆ ನೀರು ತಾಗಿದರೆ ಸಾಕು, ಹಳದಿ ದೀಪ ಹೊತ್ತಿಕೊಂಡು ಗಾಡಿ ಕುಂಟೋಕೆ ಶುರು ಮಾಡುತ್ತೆ. ದೀಪ ಯಾಕೆ ಹೊತ್ತಿತು ಅಂತ ಓದೋ ಯಂತ್ರ ಶಿವಮೊಗ್ಗದಲ್ಲಿ, ನಾವು ಮುರಿದುಬಿದ್ದ ಮರದ ಈಚೆ. ಕೆಲವು ಹೊಸ ಡೀಸೆಲ್ ಗಾಡಿಗಳಿಗೆ ಆಡ್‌ಬ್ಲೂ ಅಂತ ಇನ್ನೊಂದು ದ್ರವವನ್ನೂ ಕುಡಿಸಬೇಕು. ಅದು ಪೂರ್ತಿ ಖಾಲಿಯಾದರೆ ಟ್ಯಾಂಕ್ ತುಂಬ ಡೀಸೆಲ್ ಇದ್ದರೂ ನಿಂತ ಗಾಡಿ ಮತ್ತೆ ಸ್ಟಾರ್ಟ್ ಆಗೋದಿಲ್ಲ. ವಾರಗಟ್ಟಲೆ ಕರೆಂಟ್ ಇಲ್ಲದ ಊರಿನಲ್ಲಿ ಅದನ್ನು ಎಲ್ಲಿ ಹುಡುಕೋಣ? ಜನರೇಟರ್ ಓಡದಿದ್ದರೆ ಬಂಕಿನಲ್ಲಿ ಡೀಸೆಲ್ಲೂ ಮೇಲೆ ಬರೋದಿಲ್ಲ, ನೆನಪಿರಲಿ.

ಇನ್ನು ನೀರಿನ ಮಾತು. ಸ್ನಾರ್ಕೆಲ್ ಹಾಕಿಸಿದ ಕೂಡಲೇ ಕೆಲವರಿಗೆ ತಾವು ಹೊಳೆ ಮೀನೇ ಆದೆವು ಅನ್ನೋ ಭ್ರಮೆ ಬರುತ್ತೆ. ಅದು ಮಾಡೋ ಕೆಲಸ ಒಂದೇ, ಎಂಜಿನ್ ಉಸಿರೆಳೆಯೋ ಬಾಯಿಯನ್ನು ಎತ್ತರಕ್ಕೆ ಒಯ್ಯೋದು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತೋಕೆ ಆಗೋದಿಲ್ಲ. ಸಿಲಿಂಡರ್ ಒಳಗೆ ನೀರು ಹೊಕ್ಕರೆ ಮೇಲೆ ಬರೋ ಪಿಸ್ಟನ್ ಅದಕ್ಕೆ ಗುದ್ದಿ, ಕನೆಕ್ಟಿಂಗ್ ರಾಡ್ ಸೊಟ್ಟಗಾಗುತ್ತೆ. ಅಲ್ಲಿಗೆ ಎಂಜಿನ್ನಿನ ತಿಥಿ. ನೀರಿನಲ್ಲಿ ನಿಂತ ಗಾಡಿಗೆ ಮತ್ತೆ ಮತ್ತೆ ಸೆಲ್ಫ್ ಹೊಡೆದು ಎಂಜಿನ್ ಕೆಡಿಸಿಕೊಂಡರೆ ಮಾಮೂಲಿ ವಿಮೆಯವರು ಕೈ ಎತ್ತುತ್ತಾರೆ, ಅದಕ್ಕೆ ಬೇರೆಯೇ ದುಡ್ಡು ಕಟ್ಟಿ ಎಂಜಿನ್ ರಕ್ಷಣೆ ಸೇರಿಸಿಕೊಂಡಿರಬೇಕು. ಆ ಕಪ್ಪು ಕೊಳವೆಯ ಕೀಲುಗಳಲ್ಲಿ ಒಂದು ಕಡೆ ಸಂದಿ ಇದ್ದರೂ ಅದು ಬರೀ ಶೋಕಿ. ಮೇಸ್ತ್ರಿ ಒಂದು ಪರೀಕ್ಷೆ ಮಾಡ್ತಾರೆ. ಎಂಜಿನ್ ಓಡ್ತಾ ಇರೋವಾಗ ಸ್ನಾರ್ಕೆಲ್ ಬಾಯಿಗೆ ಅಂಗೈ ಒತ್ತಿ ಹಿಡೀತಾರೆ. ಎಂಜಿನ್ ಉಸಿರು ಸಿಕ್ಕಿಕೊಂಡು ನಿಲ್ಲಬೇಕು. ನಿಲ್ಲದಿದ್ದರೆ ಇನ್ನೆಲ್ಲಿಂದಲೋ ಗಾಳಿ ಬರ್ತಾ ಇದೆ ಅಂತ ಅರ್ಥ, ಗಾಳಿ ಬಂದಲ್ಲಿ ನೀರೂ ಬರುತ್ತೆ. ಅಳಿಯಂದಿರ ಗಾಡಿ ನಿಲ್ಲಲಿಲ್ಲವಂತೆ. ಮೇಸ್ತ್ರಿ ಕೈ ಒರೆಸಿಕೊಂಡು, "ಚೆನ್ನಾಗಿದೆ, ಕಪ್ಪು ಬಣ್ಣ ಒಪ್ಪುತ್ತೆ" ಅಂದರಂತೆ.

ಸ್ನಾರ್ಕೆಲ್ಲಿಗಿಂತ ಮೊದಲು ಮಾಡಬೇಕಾದದ್ದು ಯಾರ ಕಣ್ಣಿಗೂ ಕಾಣದ ಕೆಲಸ. ಹಿಂದಿನ ಆಕ್ಸಲ್ಲಿನ ಹೌಸಿಂಗ್ ಇದೆಯಲ್ಲ, ಅದಕ್ಕೆ ಉಸಿರಾಡೋಕೆ ಒಂದು ಬ್ರೀದರ್ ಇರುತ್ತೆ. ಓಡಿ ಓಡಿ ಬಿಸಿಯಾದ ಹೌಸಿಂಗ್ ಹೊಳೆಗೆ ಇಳಿದ ಕೂಡಲೇ ತಣ್ಣಗಾಗಿ ಒಳಗಿನ ಗಾಳಿ ಕುಗ್ಗುತ್ತೆ, ಆ ಬಾಯಿಂದಲೋ ಸೀಲ್ ಸಂದಿಯಿಂದಲೋ ನೀರು ಎಳೆದುಕೊಳ್ಳುತ್ತೆ. ಎಣ್ಣೆ ಬಿಚ್ಚಿ ನೋಡಿದರೆ ಕಾಫಿ ಬಣ್ಣ. ಅದಕ್ಕೆ ಬ್ರೀದರ್ ಬಾಯಿಗೆ ಒಂದು ರಬ್ಬರ್ ಪೈಪ್ ಸಿಕ್ಕಿಸಿ ಬಾನೆಟ್ ಎತ್ತರಕ್ಕೆ ಒಯ್ದು ಕಟ್ಟಿದರೆ ಆಯ್ತು. ಖರ್ಚು ಚಿಲ್ಲರೆ. ಆದರೆ ಅದನ್ನು ಹಾಕಿಸಿದೆ ಅಂತ ಫೋಟೋ ತೆಗೆದು ತೋರಿಸೋಕೆ ಆಗೋದಿಲ್ಲ ನೋಡಿ, ಹಾಗಾಗಿ ಯಾರೂ ಹಾಕಿಸೋದಿಲ್ಲ. ಹಳಬರು ಇನ್ನೊಂದು ಉಪಾಯ ಮಾಡ್ತಿದ್ದರು, ಗಾಡಿಯ ಮೂತಿಗೆ ಅಡ್ಡಲಾಗಿ ಟಾರ್ಪಾಲು ಬಿಗಿದು, ಫ್ಯಾನ್ ಬೆಲ್ಟ್ ಕಳಚಿ, ನಡಿಗೆಯ ವೇಗದಲ್ಲಿ ನಿಲ್ಲಿಸದೇ ದಾಟೋದು. ಮುಂದೆ ನೀರು ಅಲೆಯಾಗಿ ಸರಿದು ಎಂಜಿನ್ ಹತ್ತಿರ ಮಟ್ಟ ತಗ್ಗುತ್ತೆ. ಇದೆಲ್ಲ ನಿಂತ ನೀರಿಗೆ ಮಾತ್ರ. ಹರಿಯೋ ನೀರಿನ ಲೆಕ್ಕ ಬೇರೆ. ಒಂದಡಿ ನೀರು ಸಣ್ಣ ಕಾರನ್ನು ತೇಲಿಸಿಬಿಡಬಹುದು, ಎರಡಡಿ ಇದ್ದರೆ ಬಹುತೇಕ ಗಾಡಿಗಳನ್ನು ಒಯ್ದುಬಿಡಬಹುದು. ಕಂಪನಿಯವರು ಬರೆದ 650, 700 ಎಲ್ಲ ಹರಿಯದ ನೀರಿನದ್ದು, ಹೊಳೆಗೆ ಆ ಪುಸ್ತಕ ಓದೋಕೆ ಬರೋದಿಲ್ಲ.

ನೀರು ಅಂದಾಗ ಬೆಂಗಳೂರು ಬಿಡೋಕಾಗುತ್ತಾ? 2022ರ ಸೆಪ್ಟೆಂಬರ್ ನೆನಪಿದೆಯಲ್ಲ. ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ ಎಲ್ಲ ಕೆರೆಯಾದವು. ಅವು ಮೊದಲೇ ಕೆರೆ, ಕಾಲುವೆ ಪಕ್ಕದ ಜಾಗಗಳು, ನಡುವೆ ಸ್ವಲ್ಪ ವರ್ಷ ಬಡಾವಣೆ ಆಗಿದ್ದವು ಅಷ್ಟೇ ಅನ್ನಿ. ಕೋಟಿ ಬೆಲೆಯ ಕಾರುಗಳು ಗೇಟಿನೊಳಗೆ ಕಿಟಕಿ ಮಟ್ಟ ಮುಳುಗಿ ನಿಂತಿದ್ದವು. ಆವತ್ತು ದೊಡ್ಡ ದೊಡ್ಡ ಕಂಪನಿಯವರನ್ನು, ಅವರ ಮಕ್ಕಳನ್ನು, ನಾಯಿಗಳನ್ನು ಹೊತ್ತುಕೊಂಡು ಬಂದದ್ದು ಯಾವುದು? ಟ್ರ್ಯಾಕ್ಟರು! ಟೈ ಕಟ್ಟಿಕೊಂಡವರು ಟ್ರೈಲರಿನಲ್ಲಿ ಲ್ಯಾಪ್‌ಟಾಪ್ ಚೀಲ ಎದೆಗವುಚಿಕೊಂಡು ನಿಂತ ಫೋಟೋ ದೇಶವೆಲ್ಲ ನೋಡಿತು. ಟ್ರ್ಯಾಕ್ಟರಿನ ಮೈಕಟ್ಟು ನೋಡಿ ಒಂದು ಸಲ. ಹಿಂದಿನ ಚಕ್ರ ಆಳೆತ್ತರ, ಹೊಗೆ ಕೊಳವೆ ಬಾನೆಟ್ಟಿನ ಮೇಲೆ ನೆಟ್ಟಗೆ ನಿಂತಿದೆ, ಗಾಳಿ ಎಳೆಯೋ ಬಾಯಿಯೂ ಎಷ್ಟೋ ಟ್ರ್ಯಾಕ್ಟರುಗಳಲ್ಲಿ ಮೇಲೆಯೇ. ಸ್ನಾರ್ಕೆಲ್ಲು ಹುಟ್ಟಿನಿಂದಲೇ ಇದೆ, ಯಾರೂ ಅದಕ್ಕೆ ಆ ಹೆಸರು ಹೇಳಿ ದುಡ್ಡು ಕಿತ್ತಿಲ್ಲ. ಅಳಿಯಂದಿರಿಗೆ ಇದನ್ನು ಹೇಳಬೇಕು ಅಂತ ಮಾವನಿಗೆ ಆಸೆ, ಆದರೆ ಅಳಿಯಂದಿರಿಗೆ ಟ್ರ್ಯಾಕ್ಟರ್ ತಗೊಳ್ಳಿ ಅನ್ನೋದು ಹೇಗೆ?

ಆ ಮಾವನ ಸಂಕಟ ಅಷ್ಟಕ್ಕೇ ಮುಗಿದಿಲ್ಲ. ಹೋದ ಸಲದ ಕಥೆ ಕೇಳಿದಿರೋ ಇಲ್ಲವೋ. ಗದ್ದೆ ಅಂಚಿನಲ್ಲಿ ಗಾಡಿಯ ಶಕ್ತಿ ತೋರಿಸೋಕೆ ಹೋಗಿ ಹುದುಲಿನಲ್ಲಿ ಕೂತಿತು. ಟೈರು ನೋಡೋಕೆ ದಪ್ಪ, ಆದರೆ ಹೈವೇ ಟೈರು. ಕೆಸರು ಮೆತ್ತಿದ ಮೇಲೆ ನುಣ್ಣಗೆ. ಗಾಳಿ ಇಳಿಸಿಕೊಂಡಿದ್ದರೂ ಸ್ವಲ್ಪ ಹಿಡಿತ ಸಿಗುತ್ತಿತ್ತು. ಮಾಮೂಲಿ ಮೂವತ್ತೆರಡು ಪೌಂಡ್ ಇದ್ದದ್ದನ್ನು ಇಪ್ಪತ್ತರ ಹತ್ತಿರ ತಂದರೆ ಟೈರು ಚಪ್ಪಟೆಯಾಗಿ ಅಗಲಕ್ಕೆ ನೆಲ ಹಿಡಿಯುತ್ತೆ, ದುಡ್ಡು ಬೇಕಾಗಿಲ್ಲ. ಅದು ಬಿಟ್ಟು ವಿಂಚು ತೆಗೆದರು. ಹಗ್ಗ ಎಳೆದು ಕೊಕ್ಕೆ ಸಿಕ್ಕಿಸಿದ್ದು ಎಲ್ಲಿಗೆ? ಅಡಿಕೆ ಮರಕ್ಕೆ! ಬಟನ್ ಒತ್ತಿದರು. ಗಾಡಿ ಮರದ ಕಡೆ ಹೋಗಲಿಲ್ಲ, ಮರವೇ ಗಾಡಿಯ ಕಡೆ ಬಂತು. ಫಸಲು ಬಿಡೋ ಮರ, ನಾಲ್ಕು ಗೊನೆ ಇತ್ತಂತೆ. ಮಾವ ಏನೂ ಹೇಳಲಿಲ್ಲ, ಮನೆಯೊಳಗೆ ಹೋಗಿ ಎರಡು ಲೋಟ ನೀರು ಕುಡಿದರಂತೆ.

ವಿಂಚಿಗೂ ಒಂದು ಶಾಸ್ತ್ರ ಇದೆ. ತುಂಬಿದ ಗಾಡಿಯ ತೂಕದ ಒಂದೂವರೆ ಪಟ್ಟು ಎಳೆಯೋ ಶಕ್ತಿ ಬೇಕು. ಆ ಶಕ್ತಿಯೂ ಡ್ರಮ್ಮಿನ ಹಗ್ಗ ಬಹುಪಾಲು ಬಿಚ್ಚಿದಾಗ ಮಾತ್ರ ಪೂರ್ತಿ ಸಿಗೋದು, ಸುತ್ತಿನ ಮೇಲೆ ಸುತ್ತು ಇದ್ದಷ್ಟೂ ಎಳೆತ ಕಡಿಮೆ. ನಡುವೆ ಒಂದು ರಾಟೆ ಹಾಕಿ ಹಗ್ಗ ತಿರುಗಿಸಿ ತಂದರೆ ಎಳೆತ ಹೆಚ್ಚುಕಡಿಮೆ ಎರಡರಷ್ಟು. ಕಬ್ಬಿಣದ ಹಗ್ಗವಾದರೆ ಅದರ ಮೇಲೊಂದು ಒದ್ದೆ ಗೋಣಿಚೀಲ ಹಾಸಲೇಬೇಕು, ತುಂಡಾದರೆ ಬೀಸೋ ರಭಸಕ್ಕೆ ಕಾಲು ಹೋಗುತ್ತೆ. ಹಲಸಿನ ಮರವೋ ಮತ್ತಿ ಮರವೋ ನೋಡಿ ಕಟ್ಟಬೇಕು, ಅದೂ ಬುಡದಲ್ಲಿ, ಅಗಲದ ಪಟ್ಟಿ ಹಾಕಿ. ಇಷ್ಟೆಲ್ಲ ಓದಿಕೊಂಡ ಮೇಲೂ ಅಂದು ಗಾಡಿ ಎದ್ದದ್ದು ಹೇಗೆ ಅಂದರೆ, ಹಿಂದಿನ ಮನೆ ಆಳು ಎರಡು ಅಡಿಕೆ ದಬ್ಬೆ ಹೊತ್ತುಕೊಂಡು ಬಂದು ಚಕ್ರದಡಿ ತುರುಕಿದ. ಕಿತ್ತಳೆ ಹಲಗೆ ಇರಲಿಲ್ಲವಾ ಅಂತ ಕೇಳಬೇಡಿ. ಅದಕ್ಕೆ ಕೆಸರಾಗುತ್ತೆ ಅಂತ ಬಿಚ್ಚಿರಲಿಲ್ಲ.

ಮಳೆಗಾಲದಲ್ಲಿ ಎಸ್ಟೇಟಿನ ಜೀಪುಗಳು ಹಿಂದಿನ ಟೈರಿಗೆ ಚೈನ್ ಹಾಕಿಕೊಂಡು ಖಣಖಣ ಅಂತ ಪೇಟೆಗೆ ಬರ್ತವಲ್ಲ, ಆ ಚೈನಿನ ಮುಂದೆ ಯಾವ ವಿದೇಶಿ ಟೈರೂ ಇಲ್ಲ ಅಂತ ನನ್ನ ಲೆಕ್ಕ. ಡಾಂಬರು ಹಾಳಾಗುತ್ತೆ ಅಂತ ಬೈತಾರೆ. ಡಾಂಬರು ಎಲ್ಲಿದೆ ಅಂತ ಜೀಪಿನವರು ತಿರುಗಿ ಕೇಳ್ತಾರೆ.

ಈ ಜೋಡಿಸೋ ಚಟಕ್ಕೆ ಕಾನೂನಿನ ಕಾಟವೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಮಾಡಿಕೊಟ್ಟ ಮೂಲರೂಪ ಬದಲಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಗಟ್ಟಿ ಮಾಡಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಸೇರಿಸಿದರು. ಕಬ್ಬಿಣದ ಬಂಪರಿಗೆ ಅದಕ್ಕೂ ಮೊದಲೇ, 2017ರಲ್ಲೇ ಕೇಂದ್ರದಿಂದ ಬೇಡ ಅಂತ ಪತ್ರ ಬಂದಿತ್ತು. ಅದಕ್ಕೆ ಕಾರಣವೂ ಇದೆ, ಅಡ್ಡ ಬಂದ ಪಾದಚಾರಿಗೆ ಅದು ತಾಗಿದರೆ ಉಳಿಯೋದು ಕಷ್ಟ. ಏರ್‌ಬ್ಯಾಗ್ ತೆರೆಯೋ ಲೆಕ್ಕವನ್ನೂ ಕೆಡಿಸುತ್ತೆ. ಈ ದಂಡದ ವಿಷಯ ಕೇಳಿದ ಮೇಲೆ ಅತ್ತೆ ಅಂಗಳಕ್ಕೆ ಬಂದು ಅಳಿಯಂದಿರ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬೆರಳು ಮಡಚುತ್ತಾ ಬಂದರಂತೆ. ಎರಡೂ ಕೈಯ ಬೆರಳು ಮುಗಿದ ಮೇಲೆ ಲೆಕ್ಕ ಬಿಟ್ಟರಂತೆ.

ತಮಾಷೆ ಬದಿಗಿಡೋಣ. ನಿಜವಾದ ಆಪತ್ತಿನ ದಿನ ನೆನೆಸಿಕೊಂಡರೆ ಗಾಡಿಯ ಲೆಕ್ಕವೇ ಬೇರೆ ಆಗುತ್ತೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಜಾರಿದಾಗ ಅಲ್ಲಿ ಜೀಪಿಗೇನು ಕಡಿಮೆ ಇತ್ತಾ? ದೇಶದಲ್ಲೇ ಜೀಪು ಓಡಿಸೋದರಲ್ಲಿ ಪಳಗಿದ ಜನ ಅವರು. ಆದರೆ ಮಡಿಕೇರಿ–ಸಂಪಾಜೆ ಹೆದ್ದಾರಿಯೇ ತುಂಡು ತುಂಡಾಗಿ ಕಣಿವೆಗೆ ಇಳಿದಿತ್ತು. ಎಷ್ಟೋ ಜನ ಕಾಡಿನಲ್ಲಿ ನಡೆದೇ ಬಂದರು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಮರ ತುಂಬಿದ ದೊಡ್ಡ ಲಾರಿಯನ್ನೇ ಗಂಗಾವಳಿಗೆ ತಳ್ಳಿಬಿಟ್ಟಿತು. ಅದೇ ತಿಂಗಳ 30ಕ್ಕೆ ವಯನಾಡಿನಲ್ಲಿ ಸೇತುವೆಯೇ ಹೋಯ್ತು; ಚೂರಲ್‌ಮಲದ ಆಚೆಗೆ ಮುಂಡಕೈ ಉಳಿದುಬಿಟ್ಟಿತು. ನಮ್ಮ ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು ಹೋಗಿ ಹಗಲೂ ರಾತ್ರಿ ದುಡಿದು 190 ಅಡಿಯ ಬೈಲಿ ಸೇತುವೆ ಜೋಡಿಸಿದ ಮೇಲೆಯೇ ಭಾರದ ಯಂತ್ರಗಳು, ಆಂಬುಲೆನ್ಸ್‌ಗಳು ಸಲೀಸಾಗಿ ಆಚೆ ಹೋದದ್ದು. ದಾರಿ ಇದ್ದರೆ ಅಂಬಾಸಿಡರ್ ಸಾಕು, ದಾರಿಯೇ ಹೋದರೆ ಯಾವ ಫೋರ್‌ವೀಲ್ ಏನು ಮಾಡೀತು?

ಇದು ಗೊತ್ತಿದ್ದವರು ನಮ್ಮ ಕಾಲುಸಂಕದ ಆಚೆಯ ಮನೆಯವರು. ಜೂನ್ ಮೊದಲ ವಾರಕ್ಕೇ ಅವರು ಜೀಪು ತಂದು ಹೊಳೆಯ ಈಚೆ, ರಸ್ತೆ ಪಕ್ಕದ ನೆಂಟರ ಅಂಗಳದಲ್ಲಿ ನಿಲ್ಲಿಸಿಬಿಡ್ತಾರೆ. ನವರಾತ್ರಿವರೆಗೂ ಅದರ ವಾಸ ಅಲ್ಲಿಯೇ. ಮನೆಯಿಂದ ಸಂಕದವರೆಗೆ ನಡಿಗೆ, ಆಮೇಲೆ ಗಾಡಿ. ಯಾರಿಗಾದರೂ ಹುಷಾರು ತಪ್ಪಿದರೆ ಕಂಬಳಿ ಜೋಲಿಯಲ್ಲಿ ಸಂಕ ದಾಟಿಸಿ, ಈಚೆ ಕಡೆ ಜೀಪಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ. ಆ ಜೀಪಿಗೆ ಜೋಡಿಸಿದ್ದು ಅಂದರೆ ಒಂದು ಗರಗಸ, ಬಿದ್ದ ಕೊಂಬೆ ಕೊಯ್ಯೋಕೆ. ಮತ್ತೆ ಹಿಂದಿನ ಸೀಟಿನ ಮೇಲೆ ಒಂದು ಹಾಸಿಗೆ. ಯಾವ ಗಾಡಿ ಅನ್ನೋದಕ್ಕಿಂತ ಅದನ್ನು ಹೊಳೆಯ ಯಾವ ದಡದಲ್ಲಿ ನಿಲ್ಲಿಸಿದ್ದೀರಿ ಅನ್ನೋ ಪ್ರಶ್ನೆ ಬೆಂಗಳೂರಿನ ಯಾವ ಅಂಗಡಿಯಲ್ಲೂ ಕೇಳೋದಿಲ್ಲ, ಅಲ್ವಾ? ಕೇಳಿದರೆ ಅವರ ವ್ಯಾಪಾರ ಹೇಗೆ ನಡೆಯಬೇಕು.

ಅಳಿಯಂದಿರನ್ನು ನಾನೇನೂ ಬೈತಾ ಇಲ್ಲ. ಇವತ್ತಲ್ಲ ನಾಳೆ ಆ ವಿಂಚು ರಸ್ತೆಗೆ ಅಡ್ಡ ಬಿದ್ದ ಮರ ಎಳೆಯೋಕೆ ಬೇಕಾದೀತು, ಆವಾಗ ನಾವೇ ಹೋಗಿ ಕರೀತೀವಿ. ಆದರೆ ಆರೇಳು ಲಕ್ಷದ ಸಾಮಾನು ಹೇರಿಕೊಂಡ ಆ ಗಾಡಿಯ ಸ್ಟೆಪ್ನಿಯನ್ನು ಮೇಸ್ತ್ರಿ ಕಾಲಲ್ಲಿ ಒತ್ತಿ ನೋಡಿದರೆ ಅದರಲ್ಲಿ ಗಾಳಿಯೇ ಇರಲಿಲ್ಲವಂತೆ. ನಿಮ್ಮದೂ ಒಂದು ಸಲ ನೋಡಿಕೊಳ್ಳಿ. ಬ್ರೀದರಿಗೆ ಪೈಪು, ಸೀಟಿನಡಿ ಒಂದು ಕತ್ತಿ, ಇಪ್ಪತ್ತು ಮಾರು ಗಟ್ಟಿ ಹಗ್ಗ, ಅರ್ಧಕ್ಕಿಂತ ಕೆಳಗೆ ಇಳಿಯದ ಡೀಸೆಲ್ ಟ್ಯಾಂಕು, ಇಷ್ಟನ್ನು ಈ ಜೂನ್ ಒಳಗೆ ಮಾಡಿಸಿಬಿಡಿ. ಜಿಲ್ಲೆಯ ಕಂಟ್ರೋಲ್ ರೂಮಿನ ಫೋನು 1077. ಗೋಡೆ ಮೇಲೆ ದೊಡ್ಡದಾಗಿ ಬರೆದಿಡಿ, ಕರೆಂಟ್ ಹೋದ ಮೇಲೆ ಮೊಬೈಲಿನಲ್ಲಿ ಹುಡುಕೋಕಾಗೋದಿಲ್ಲ.